ದೇಜಪ್ಪನ ಗೋಡೆ, ತುಕ್ರನ ಬಟ್ಟಲು

ಬೇರೆಯವರು ಮನೆಯಲ್ಲಿ ಗಿಳಿ ಸಾಕುತ್ತಾರೆ, ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕುತ್ತಾರೆ. ದುಬೈಯ ಅಲ್ ಕುಸೈಸಿನ ದೇಜಪ್ಪ ಪೂಜಾರಿ ತನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಮಹಾಯುದ್ಧವನ್ನೇ ಸಾಕಿಕೊಂಡಿದ್ದ. ಸೋಫಾದ ಹಿಂದಿನ ಗೋಡೆಯ ತುಂಬ ಗಾಜಿನ ಕಟ್ಟು ಹಾಕಿದ ಚೌಕಟ್ಟುಗಳು. ಒಳಗೆ ಕಪ್ಪು ಮಖಮಲ್ಲು, ಮಖಮಲ್ಲಿನ ಮೇಲೆ ತುಕ್ಕು. ಒಂದರಲ್ಲಿ ತುಕ್ಕು ತಿಂದ ಬೆಲ್ಟಿನ ಬಕಲು, ಒಂದರಲ್ಲಿ ಗುಂಡಿ, ಒಂದರಲ್ಲಿ ಅಂಗೈಯಗಲದ ಪ್ಯಾರಾಶೂಟ್ ಬಟ್ಟೆ, ಒಂದರಲ್ಲಿ ಚಮಚ, ಮತ್ತೊಂದರಲ್ಲಿ ಬರೀ ಒಂದು ಶೀಶೆ ಮಣ್ಣು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯ ಹೊಲಗಳ ಮೇಲೆ ಕತ್ತಲಲ್ಲಿ ವಿಮಾನದಿಂದ ಹಾರಿ ಇಳಿದ ಸೈನಿಕರ ಸಾಮಾನುಗಳಿವು. ಅವನ್ನು ಯಾರೋ ನೆಲದಿಂದ ಅಗೆದು, ತೊಳೆಯದೆ ಉಜ್ಜದೆ ಹಾಗೆಯೇ ಚೌಕಟ್ಟಿಗೆ ಹಾಕಿ, ಹಿಂದೆ ಒಂದು ಪ್ರಮಾಣಪತ್ರ ಅಂಟಿಸಿ ಲೋಕಕ್ಕೆಲ್ಲ ಮಾರುತ್ತಾರೆ. ದೇಜಪ್ಪನ ಗೋಡೆಯ ತುಕ್ಕನ್ನೆಲ್ಲ ಕೆರೆದು ಒಟ್ಟು ಮಾಡಿದ್ದರೆ ಸಣ್ಣದೊಂದು ರೈಲ್ವೆ ಸೇತುವೆ ಕಟ್ಟಬಹುದಿತ್ತು. ಕಟ್ಟಿದ ದಿನವೇ ಬೀಳುತ್ತಿತ್ತು, ಅದು ಬೇರೆ ಮಾತು.

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಎಲ್ಲವೂ ಅಂಟಿನ ಕೊಕ್ಕೆಗಳ ಮೇಲೆ ನಿಂತಿದ್ದವು. ಒಂದು ಆಗಸ್ಟಿನಲ್ಲಿ ಮನೆಯವರೆಲ್ಲ ಊರಿಗೆ ಹೋಗಿ, ಏಸಿ ಆರಿಸಿಟ್ಟಿದ್ದಾಗ, ಸೆಖೆಗೆ ಅಂಟು ಕರಗಿ ಚೌಕಟ್ಟುಗಳು ಒಂದರ ಹಿಂದೊಂದು ಕೆಳಗೆ ಧುಮುಕಿದ್ದವು. ಕೆಳಗಿನ ಗ್ರೋಸರಿಯವನು ಭೂಕಂಪವೆಂದು ಹೆದರಿ ಓಡಿದವನು ಶಾರ್ಜಾದ ಗಡಿ ದಾಟಿದ ಮೇಲೆಯೇ ಉಸಿರು ಬಿಟ್ಟನಂತೆ. "ನಿಮ್ಮ ಸೈನಿಕರು ಎರಡನೇ ಸಲ ಹಾರಿದ್ದು, ದೇಜಣ್ಣ" ಎಂದು ವಿಲ್ಸನ್ ಇವತ್ತಿಗೂ ನಗುತ್ತಾನೆ. ವಿಲ್ಸನ್ ಮಂಗಳೂರಿನವನು. ಅಲ್ ಕುಸೈಸಿನ ಏಸಿ ಬಿಡಿಭಾಗಗಳ ಗೋದಾಮಿನಲ್ಲಿ ದೇಜಪ್ಪ ಸ್ಟೋರ್‌ಕೀಪರ್, ವಿಲ್ಸನ್ ಅಲ್ಲಿಯ ಪಿಕಪ್ಪಿನ ಡ್ರೈವರ್.

ಇಷ್ಟು ಯುದ್ಧ ಸಾಕಿದ ದೇಜಪ್ಪನಿಗೆ ಎತ್ತರವೆಂದರೆ ಜೀವ ಹೋಗುತ್ತಿತ್ತು. ಲೋಕದಲ್ಲೇ ಎತ್ತರದ ಕಟ್ಟಡವಿರುವ ಊರಿನಲ್ಲಿ ತಲೆ ಕೂದಲು ಹಣ್ಣಾಗುವಷ್ಟು ಕಾಲ ಇದ್ದೂ ಅವನು ಅದರ ಬುಡದ ನೆರಳನ್ನು ಮಾತ್ರ ತುಳಿದಿದ್ದ. ಮನೆ ಹಿಡಿದದ್ದು ಮೊದಲನೇ ಮಹಡಿಯಲ್ಲಿ. ಊರಿಗೆ ಹೋಗುವ ವಿಮಾನದಲ್ಲಿ ಸೀಟಿನ ಕೈಗಳನ್ನು ಅವನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ, ಇವನು ಕೈ ಬಿಟ್ಟರೆ ವಿಮಾನ ಬೀಳುತ್ತದೆ ಎಂದು ಪಕ್ಕದವರಿಗೂ ನಂಬಿಕೆ ಬರುತ್ತಿತ್ತು.

ಇಂಥವನ ಅಪ್ಪ ತುಕ್ರ ಮೂರ್ತೆಯವನು. ಹೆಜಮಾಡಿಯ ಕಡಲ ಬದಿಯ ತಾಳೆಮರಗಳಿಂದ ಕಳ್ಳು ಇಳಿಸುತ್ತಿದ್ದವನು. ಹತ್ತುವಾಗ ಎರಡೂ ಪಾದಗಳನ್ನು ಸೇರಿಸಿ ಹಗ್ಗದ ಬಳೆ ತೊಡಬೇಕು. ಆ ಹಗ್ಗ ಒತ್ತಿ ಒತ್ತಿ ಪಾದಗಳ ಒಳಮಗ್ಗುಲಿನಲ್ಲಿ ಜಡ್ಡು ಕಟ್ಟುತ್ತದೆ. "ನಿನ್ನ ಅಪ್ಪನ ಆ ಜಡ್ಡಿಗೆ ಬೆಂಕಿಕಡ್ಡಿ ಗೀರಿ ಬೀಡಿ ಹಚ್ಚಬಹುದಿತ್ತು" ಎಂದು ಅಮ್ಮ ಅಮ್ಮಣ್ಣಿ ಹೇಳುತ್ತಿದ್ದಳು. ಗಂಡ ಮರದಲ್ಲಿರುವಾಗ ಅವಳದೊಂದು ಕ್ರಮವಿತ್ತು. ಗಂಜಿಯನ್ನು ಬಟ್ಟಲಿಗೆ ಬಡಿಸಿ, ಅದರ ಮೇಲೆ ಇನ್ನೊಂದು ಬಟ್ಟಲನ್ನು ಕವುಚಿಡುವುದು. ಅವನ ಕಾಲು ನೆಲಕ್ಕೆ ತಾಗಿ, ಅಂಗಳದ ನೀರಿನಲ್ಲಿ ಕಾಲು ತೊಳೆದು ಒಳಗೆ ಬಂದ ಮೇಲೆಯೇ ಮೇಲಿನ ಬಟ್ಟಲನ್ನು ತೆಗೆಯುವುದು. ಅದಕ್ಕೆ ಮೊದಲು ತೆಗೆದರೆ ಮರದಲ್ಲಿರುವವನ ಕೈ ಜಾರುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು.

ಮಂಗಳೂರಿನಲ್ಲಿ ಪಟ್ಟಾಳಕ್ಕೆ ಜನ ಸೇರಿಸಿಕೊಳ್ಳುವ ದಿನ ಅಧಿಕಾರಿ ತುಕ್ರನನ್ನು ಕೇಳಿದನಂತೆ, "ಎತ್ತರಕ್ಕೆ ಹೆದರುತ್ತೀಯಾ?" "ಇಲ್ಲ ಸಾರ್. ಆದರೆ ಇಳಿಯಲಿಕ್ಕೆ ಒಂದು ಮರ ಬೇಕು" ಎಂದನಂತೆ ಇವನು. ಅಧಿಕಾರಿ ಮೀಸೆ ಉದುರುವಷ್ಟು ನಕ್ಕು ಅವನನ್ನು ಪ್ಯಾರಾಶೂಟಿನ ಪಲ್ಟನ್ನಿಗೆ ಹಾಕಿದ. ರಜೆಯಲ್ಲಿ ಬಂದಾಗಲೂ ತುಕ್ರ ಮರ ಹತ್ತುತ್ತಿದ್ದ. ಬೂಟಿನೊಳಗೂ ಆ ಜಡ್ಡು ಮೆತ್ತಗಾಗಲಿಲ್ಲ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ, ಆಗ ಪೂರ್ವ ಪಾಕಿಸ್ತಾನವಾಗಿದ್ದ ಬಾಂಗ್ಲಾದೇಶದ ಟಾಂಗೈಲ್ ಎಂಬಲ್ಲಿ, ಪಲ್ಟನ್ನು ಸಂಜೆ ಹೊತ್ತಿಗೆ ವಿಮಾನದಿಂದ ಹಾರಿತು. ತುಕ್ರನೂ ಹಾರಿದ. ಇಳಿದದ್ದನ್ನು ಯಾರೂ ನೋಡಲಿಲ್ಲ. ಮೊದಲು ಕಾಣೆಯಾಗಿದ್ದಾರೆ ಎಂದು ತಂತಿ ಬಂತು, ಆಮೇಲೆ ತೀರಿಕೊಂಡಿರಬೇಕು ಎಂದು ಬಂತು. ಮನೆಗೆ ಬಂದ ದೊಡ್ಡವರನ್ನೆಲ್ಲ ಅಮ್ಮಣ್ಣಿ ಕೇಳಿದ್ದು ಒಂದೇ ಪ್ರಶ್ನೆ. "ಅವರ ಕಾಲು ನೆಲಕ್ಕೆ ತಾಗಿದ್ದನ್ನು ನೋಡಿದವರು ಯಾರಾದರೂ ಉಂಟಾ?" ಯಾರೂ ಇರಲಿಲ್ಲ. "ಹಾಗಾದರೆ ಇನ್ನೂ ಇಳಿಯಲಿಲ್ಲ. ಇಳಿಯದವರಿಗೆ ಬೊಜ್ಜ ಹೇಗೆ ಮಾಡುವುದು?" ಎಂದಳು. ಉತ್ತರಕ್ರಿಯೆ ನಡೆಯಲೇ ಇಲ್ಲ. ಕರಿಮಣಿ ಕುತ್ತಿಗೆಯಲ್ಲೇ ಉಳಿಯಿತು, ಕುಂಕುಮ ಹಣೆಯಲ್ಲೇ ಉಳಿಯಿತು. ಯಾರೋ ತುಕ್ರನ ಫೋಟೋಕ್ಕೆ ಕಟ್ಟು ಹಾಕಿಸಿ, ಹಾರ ಹಾಕಿ ತಂದಾಗ ಅವಳು ಕಟ್ಟು ಬಿಚ್ಚಿ ಫೋಟೋವನ್ನು ಪೆಟ್ಟಿಗೆಯಲ್ಲಿಟ್ಟಳು. ಅವಳ ಲೆಕ್ಕದಲ್ಲಿ ಗಾಜಿನೊಳಗೆ ಹೋಗುವವರು ದೇವರು, ಇಲ್ಲವೇ ಸತ್ತವರು. ಗಂಡ ಎರಡೂ ಅಲ್ಲ.

ಪ್ರತಿ ರಾತ್ರಿ ಗಂಜಿಯ ಬಟ್ಟಲನ್ನು ಮುಚ್ಚಿಡುವುದು ಹಾಗೆಯೇ ನಡೆಯಿತು. ಬೆಳಿಗ್ಗೆ ಆ ತಂಗಳು ದೇಜಪ್ಪನಿಗೆ. ಉಪ್ಪಿನಕಾಯಿ ನೆಂಚಿಕೊಂಡು ಅಪ್ಪನ ಪಾಲನ್ನು ಉಣ್ಣುತ್ತಲೇ ಹುಡುಗ ಬೆಳೆದ, ಶಾಲೆಗೆ ಹೋದ, ಮೀಸೆ ಬಂದು ದುಬೈಗೂ ಬಂದ. ಬೇರೆ ಮಕ್ಕಳು ಅಪ್ಪನ ಪೆಟ್ಟು ತಿಂದು ದೊಡ್ಡವರಾದರು, ಇವನು ಅಪ್ಪನ ಗಂಜಿ ತಿಂದು. ಅಪ್ಪನೆಂದರೆ ಅವನಿಗೆ ತಣ್ಣಗಾದ ಅನ್ನದ ಹುಳಿ ವಾಸನೆ. ಅದು ಬಿಟ್ಟರೆ ಕೈಯಲ್ಲಿ ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ.

ಗೋಡೆ ಶುರುವಾದದ್ದು ಕಂಪೆನಿಯ ಒಬ್ಬ ಇಂಗ್ಲಿಷ್ ಸರ್ವೇಯರನಿಂದ. ಕೆಲಸ ಮುಗಿಸಿ ಶಾಶ್ವತವಾಗಿ ದೇಶಕ್ಕೆ ಹೊರಡುವವರು ಇಲ್ಲಿ ಮಂಚ, ಫ್ರಿಜ್, ಹೂವಿನ ಕುಂಡ ಎಲ್ಲವನ್ನೂ ಪರಿಚಯದವರಿಗೆ ಹಂಚಿ ಹೋಗುತ್ತಾರೆ. ಸಾಹೇಬ ದೇಜಪ್ಪನಿಗೆ ಒಂದು ಚೌಕಟ್ಟು ಕೊಟ್ಟ, ಬಕಲಿನದು. "ಪ್ಯಾರಾಶೂಟಿನವನದು" ಎಂದ. ದೇಜಪ್ಪ ಅದನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಮನೆಗೆ ಬಂದ. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ತರಿಸಿದ. ನಾರ್ಮಂಡಿಯದು ಬೇಕೆಂದರೆ ಲಾರಿಗಟ್ಟಲೆ ಸಿಗುತ್ತಿತ್ತು. ಟಾಂಗೈಲಿನದು ಒಂದು ದಾರದ ಎಳೆಯೂ ಇಲ್ಲ. ಗೋಡೆಯ ನಟ್ಟನಡುವೆ ಒಂದು ಕೊಕ್ಕೆಯನ್ನು ಅವನು ಖಾಲಿ ಬಿಟ್ಟಿದ್ದ. ಯಾಕೆಂದು ಹೆಂಡತಿ ಶರ್ಮಿಳಾ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಮದುವೆಯಾಗಿ ಅಷ್ಟು ಕಾಲವಾದ ಮೇಲೆ ಕೆಲವು ಮಾತುಗಳನ್ನು ಆಡದಿರುವುದೇ ಸಲೀಸು.

ಈ ನವೆಂಬರಿನಲ್ಲಿ ಅಮ್ಮಣ್ಣಿ ವಿಸಿಟ್ ವೀಸಾದಲ್ಲಿ ಬಂದಿಳಿದಳು. ವಯಸ್ಸು ಎಂಬತ್ತರ ಹತ್ತಿರ. ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ಬಾಗಿಲಲ್ಲೇ ನಿಂತು ಗೋಡೆ ನೋಡಿದಳು.

"ಇದೆಂತ ಮಗ, ಗುಜರಿ ಅಂಗಡಿ ಹಾಕಿದ್ದಾ?"

"ಅಲ್ಲಮ್ಮ. ಯುದ್ಧದಲ್ಲಿ ಸತ್ತವರದ್ದು. ಅಪ್ಪನ ಹಾಗೆ ಮೇಲಿನಿಂದ ಹಾರಿದವರದ್ದು."

"ಅಪ್ಪನ ಹಾಗೆ ಅನ್ನಬೇಡ. ಇವರು ಸತ್ತದ್ದು ಗೊತ್ತುಂಟು." ಚೀಲ ಕೆಳಗಿಟ್ಟು ಮತ್ತೆ ಕೇಳಿದಳು. "ಇಷ್ಟು ಜನ ಸತ್ತವರನ್ನು ಮನೆಗೆ ಕರೆದಿದ್ದಿಯಲ್ಲ, ಇವರಿಗೆ ಬಡಿಸುವವರು ಯಾರು?"

ಮಗಳು ಹಿತಾ ಮೊಬೈಲಿನಿಂದ ತಲೆ ಎತ್ತದೆ, "ಅಜ್ಜಿ, ದೇ ಆರ್ ಜಸ್ಟ್ ಆ್ಯಂಟೀಕ್ಸ್" ಎಂದಳು.

"ಏನಂತೆ?"

"ಸುಮ್ಮನೆ ಇಟ್ಟದ್ದು ಅಂತ, ಮಾಮಿ" ಎಂದಳು ಶರ್ಮಿಳಾ.

"ಸುಮ್ಮನೆ ಇಡಲಿಕ್ಕೆ ಇವರೇನು ಉಪ್ಪಿನಕಾಯಿಯಾ?"

ಮರುದಿನದಿಂದ ಗೋಡೆಗೆ ಊದುಬತ್ತಿ ಶುರುವಾಯಿತು. ಹೊಗೆಗೆ ಹೆದರಿ ಕಟ್ಟಡದ ಅಲಾರಂ ಎರಡು ಸಲ ಕೂಗಿ, ಮೂರನೆಯ ಸಲಕ್ಕೆ ಅಜ್ಜಿಯೊಂದಿಗೆ ರಾಜಿಯಾಯಿತು. ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಗಂಜಿಯ ಬಟ್ಟಲು, ಅದರ ಮೇಲೆ ಕವುಚಿದ ಬಟ್ಟಲು. ಎರಡನ್ನೂ ಅವಳು ಸೀರೆಯಲ್ಲಿ ಸುತ್ತಿ ಊರಿನಿಂದಲೇ ತಂದಿದ್ದಳು. ಬೆಳಿಗ್ಗೆ ಗೋದಾಮಿಗೆ ಹೊರಡುವ ಮೊದಲು ಅರವತ್ತರ ಹೊಸ್ತಿಲಲ್ಲಿದ್ದ ದೇಜಪ್ಪ ಅದೇ ತಂಗಳನ್ನು ಅದೇ ಉಪ್ಪಿನಕಾಯಿಯೊಂದಿಗೆ ಉಣ್ಣುತ್ತಿದ್ದ. ಡಾಕ್ಟರು ಅನ್ನ ಕಡಿಮೆ ಮಾಡಲು ಹೇಳಿದ್ದನ್ನು ಶರ್ಮಿಳಾ ನೆನಪಿಸಲಿಲ್ಲ.

ಒಂದು ಸಂಜೆ ಕೆಲಸದಿಂದ ಬಂದ ದೇಜಪ್ಪನಿಗೆ ಗೋಡೆಯಲ್ಲಿ ಚಮಚದ ಚೌಕಟ್ಟು ಕಾಣಲಿಲ್ಲ. ಅಡುಗೆಮನೆಯಲ್ಲಿ ಕಂಡಿತು. ಗಾಜು ಒಡೆದಿತ್ತು, ಮಖಮಲ್ಲು ಹರಿದಿತ್ತು, ಮತ್ತು ಸಿಂಕಿನ ಪಕ್ಕದಲ್ಲಿ ಚಮಚ ಥಳಥಳ ಹೊಳೆಯುತ್ತಿತ್ತು. ಎಷ್ಟೋ ವರ್ಷ ಫ್ರಾನ್ಸಿನ ಮಣ್ಣು ಕಷ್ಟಪಟ್ಟು ಹಿಡಿಸಿದ ತುಕ್ಕನ್ನು ಅಮ್ಮಣ್ಣಿ ಹುಣಸೆಹಣ್ಣು ಹಾಕಿ ಒಂದು ಮಧ್ಯಾಹ್ನದಲ್ಲಿ ಉಜ್ಜಿ ತೆಗೆದಿದ್ದಳು.

"ಅಮ್ಮಾ! ಇದು ಚರಿತ್ರೆ!"

"ಇದು ಚಮಚ. ಅದೂ ಉಂಡವನ ಎಂಜಲು ತೊಳೆಯದ ಚಮಚ."

"ತುಕ್ಕು ಇದ್ದರೇ ಇದಕ್ಕೆ ಬೆಲೆ. ಈಗ ಇದು ಮೀನಾ ಬಜಾರಿನಲ್ಲಿ ಸಿಗುವ ಚಮಚದ ಹಾಗೆ ಆಯಿತು!"

ಅಮ್ಮಣ್ಣಿ ಚಮಚವನ್ನು ಸೆರಗಿನಿಂದ ಒರೆಸಿದಳು. "ಆ ಹುಡುಗ ಉಣ್ಣಲಿಕ್ಕೆ ತಾನೇ ಇದನ್ನು ಕಿಸೆಯಲ್ಲಿಟ್ಟು ಹಾರಿದ್ದು? ಅವನ ಅಮ್ಮನೂ ಎಲ್ಲೋ ಬಟ್ಟಲು ಮುಚ್ಚಿಟ್ಟು ಕೂತಿದ್ದಿರಬೇಕು. ನೀನು ಗಾಜು ಹಾಕಿ ಮೊಹರು ಮಾಡಿ ಇಟ್ಟರೆ ಅವನು ಯಾವುದರಲ್ಲಿ ಉಣ್ಣುವುದು?"

ದೇಜಪ್ಪ ಬಗ್ಗಿ ಒಡೆದ ಗಾಜಿನ ಚೂರುಗಳನ್ನು ಹೆಕ್ಕತೊಡಗಿದ.

ಒಡೆದ ಚೌಕಟ್ಟನ್ನು ಸರಿ ಮಾಡಿಸಬೇಕಿತ್ತು. "ಬನಿಯಾಸಿನಲ್ಲಿ ನನ್ನ ಪರಿಚಯದ ಒಬ್ಬ ಬಂಗಾಲಿ ಇದ್ದಾನೆ, ದೇಜಣ್ಣ. ಮುರಿದ ಮನಸ್ಸಿಗೂ ಕಟ್ಟು ಹಾಕುವವನು" ಎಂದ ವಿಲ್ಸನ್. ಅಬುಧಾಬಿಗೆ ಸಾಮಾನು ಹಾಕಲು ಹೋಗುವ ದಿನ ಪಿಕಪ್ಪಿನಲ್ಲಿ ದೇಜಪ್ಪನನ್ನೂ ಕೂರಿಸಿಕೊಂಡ. ಬನಿಯಾಸಿನಲ್ಲಿ ಒಂದು ಮೊಬೈಲ್ ಅಂಗಡಿಗೂ ಒಂದು ಕ್ಷೌರದಂಗಡಿಗೂ ನಡುವೆ ಸಿಕ್ಕಿಬಿದ್ದಂಥ ಸಣ್ಣ ಅಂಗಡಿ ಅದು. ಅಗಲ ಎಷ್ಟು ಕಡಿಮೆಯೆಂದರೆ ದಪ್ಪನೆಯ ಗಿರಾಕಿ ಒಳಗೆ ಹೋದರೆ ತಾನೂ ಕಟ್ಟು ಹಾಕಿಸಿಕೊಂಡೇ ಹೊರಗೆ ಬರಬೇಕು. ಒಳಗೆ ನೆರೆತ ಗಡ್ಡದ, ಐವತ್ತು ದಾಟಿದ ಇಮ್ತಿಯಾಜ್ ಗಾಜು ಕೊಯ್ಯುತ್ತಿದ್ದ.

ಚಮಚದ ಚೌಕಟ್ಟಿನ ಜೊತೆಗೆ ದೇಜಪ್ಪ ಪ್ಯಾರಾಶೂಟ್ ಬಟ್ಟೆಯ ಚೌಕಟ್ಟನ್ನೂ ತಂದಿದ್ದ; ಅದರ ಅಂಚೂ ಬಿಟ್ಟಿತ್ತು. ಇಮ್ತಿಯಾಜ್ ಹಿಂದಿನ ಹಲಗೆ ಬಿಚ್ಚಿ, ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿದ.

"ಭಾಯ್, ಇದು ಛತ್ರಿ ಸೈನಿಕರದ್ದಾ?" ಎಂದು ಹಿಂದಿಯಲ್ಲಿ ಕೇಳಿದ.

"ಹೌದು. ಫ್ರಾನ್ಸಿನದು."

"ಇಂಥ ಬಟ್ಟೆ ನಮ್ಮ ಮನೆಯಲ್ಲೂ ಇದೆ. ನಾನು ಹುಟ್ಟಿದಾಗ ಅಮ್ಮ ಅದರಲ್ಲೇ ಸುತ್ತಿದ್ದಂತೆ. ಊರು ಬಿಡುವಾಗ ನನ್ನ ಚೀಲಕ್ಕೆ ಹಾಕಿದಳು. ಈಗ ರೂಮಿನಲ್ಲಿ ದಿಂಬಿನ ಕೆಳಗೆ ಇದೆ."

"ನಿಮ್ಮ ಊರು ಯಾವುದು?" ದೇಜಪ್ಪ ಕೇಳಿದ.

"ಟಾಂಗೈಲ್."

ಅಂಗಡಿ ಅಷ್ಟು ಸಣ್ಣದಿದ್ದದ್ದು ಒಳ್ಳೆಯದಾಯಿತು. ದೇಜಪ್ಪನಿಗೆ ಬೀಳಲು ಜಾಗವಿರಲಿಲ್ಲ. ಗೋಡೆ ಅವನನ್ನು ಹಿಡಿದುಕೊಂಡಿತು. ಅಪ್ಪನ ವಿಷಯವನ್ನು ಅವನು ತಡವರಿಸುತ್ತಾ ಹೇಳಿದ.

"ಆ ಬಟ್ಟೆ ಒಬ್ಬ ಸೈನಿಕನ ಮೈಮೇಲಿತ್ತು ಅಂತ ಅಮ್ಮ ಹೇಳುತ್ತಾಳೆ" ಎಂದ ಇಮ್ತಿಯಾಜ್. "ಪೂರ್ತಿ ಕಥೆ ಅವಳಿಗೇ ಗೊತ್ತು. ಭಾನುವಾರ ನಾನು ಬಟ್ಟೆ ತರುತ್ತೇನೆ. ನಿಮ್ಮ ಮನೆಯಿಂದಲೇ ಅವಳಿಗೆ ವಿಡಿಯೋ ಕಾಲ್ ಮಾಡೋಣ."

ಹಿಂದಿರುಗುವಾಗ ರಸ್ತೆಯ ಎರಡೂ ಬದಿ ಸಾಲು ಸಾಲು ಖರ್ಜೂರದ ಮರಗಳು. ಲೋಕದ ಮಾತನ್ನೆಲ್ಲ ತಾನೇ ಆಡಿ ಮುಗಿಸಬೇಕೆಂದು ಹರಕೆ ಹೊತ್ತವನಂಥ ವಿಲ್ಸನ್ ಕೂಡ ಅಂದು ದುಬೈ ಮುಟ್ಟುವವರೆಗೆ ತುಟಿ ಬಿಚ್ಚಲಿಲ್ಲ. ಕೊನೆಗೆ ಕಟ್ಟಡದ ಕೆಳಗೆ ಇಳಿಸುವಾಗ ಮಾತ್ರ, "ಅಮ್ಮನಿಗೆ ಮೊದಲೇ ಹೇಳಬೇಡಿ, ದೇಜಣ್ಣ. ಬೇರೆ ಯಾರದ್ದೋ ಆಗಿದ್ದರೆ?" ಎಂದ.

ದೇಜಪ್ಪ ಹೇಳಲಿಲ್ಲ. ಆದರೆ ಮಗನ ಮುಖವನ್ನು ಓದಲು ಅಮ್ಮಣ್ಣಿಗೆ ಕನ್ನಡಕ ಬೇಕಿರಲಿಲ್ಲ. ಭಾನುವಾರ ಬೆಳಿಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಡಿಯ ಸೀರೆ ಉಟ್ಟು ಸೋಫಾದಲ್ಲಿ ಕೂತಳು.

"ಎಲ್ಲಿಗಾದರೂ ಹೊರಟಿದ್ದೀರಾ, ಮಾಮಿ?" ಎಂದಳು ಶರ್ಮಿಳಾ.

"ಯಾರೋ ಬರುತ್ತಾರಲ್ಲ" ಎಂದಳು ಅವಳು.

ಇಮ್ತಿಯಾಜ್ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಅಸ್ಸಲಾಮ್ ಅಲೈಕುಮ್, ಮಾ" ಎಂದು ತಲೆ ಬಾಗಿಸಿದ. ಹಿತಾ ಮೊಬೈಲನ್ನು ಟೀಪಾಯಿಯ ಮೇಲೆ ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಪರದೆಯಲ್ಲಿ ತಲೆಗೆ ಸೆರಗು ಹೊದ್ದ, ಅಮ್ಮಣ್ಣಿಯಷ್ಟೇ ಸುಕ್ಕುಗಟ್ಟಿದ ಒಂದು ಮುಖ ಕಂಡಿತು. ಇಮ್ತಿಯಾಜನ ತಾಯಿ. ಆಕೆ ಬಂಗಾಲಿಯಲ್ಲಿ ಹೇಳುವುದು, ಮಗ ಅದನ್ನು ಹಿಂದಿ ಮಾಡುವುದು, ದೇಜಪ್ಪ ಅದನ್ನು ಅಮ್ಮನಿಗೆ ಮುಟ್ಟಿಸುವುದು. ಮಾತು ಮೂರು ವಿಮಾನ ಬದಲಿಸಿಕೊಂಡು ಅಮ್ಮಣ್ಣಿಯನ್ನು ತಲುಪುತ್ತಿತ್ತು.

ಆಗ ಆಕೆ ಮದುವೆಯಾಗಿ ಬಂದ ಹೊಸತು. ಮಾವ ಖರ್ಜೂರದ ಮರ ಕೆತ್ತಿ ರಸ ಇಳಿಸುವವನು; ಅಲ್ಲಿ ಚಳಿಗಾಲವೆಂದರೆ ಆ ರಸದ ಕಾಲ. ಆ ಸಂಜೆ ಮಾವ ಮಡಕೆ ಕಟ್ಟಲು ಮರದ ಮೇಲಿದ್ದಾಗ ಆಕಾಶದ ತುಂಬ ಬಿಳಿ ಬಿಳಿ ಬಟ್ಟೆಗಳು ಅರಳಿಕೊಂಡು ಇಳಿದವು. ಎಲ್ಲ ದೂರದ ಬಯಲಿನ ಕಡೆಗೆ ಹೋದವು. ಒಂದು ಮಾತ್ರ ಗಾಳಿಗೆ ಸಿಕ್ಕಿ ಇವರ ಮನೆಯ ಕಡೆ ಬಂತು. ಹಿತ್ತಲ ಆಚೆಯ ಕೆರೆಗೆ ಬಿತ್ತು. ಬಟ್ಟೆ ಸೈನಿಕನ ಮೇಲೆಯೇ ಮುಚ್ಚಿಕೊಂಡಿತು.

ದೇಜಪ್ಪ ಇದನ್ನು ಹೇಳುವಾಗ ಅಮ್ಮಣ್ಣಿ ಕೈ ಎತ್ತಿದಳು. "ಕೆರೆಗಾ? ನೀರಿಗಾ?"

"ಹೌದಮ್ಮ."

"ನೀರು ನೆಲ ಅಲ್ಲ ಮಗ."

ಅಮ್ಮ ಇನ್ನು ಏಳುತ್ತಾಳೆ, ಒಳಗೆ ಹೋಗುತ್ತಾಳೆ, ರಾತ್ರಿ ಮತ್ತೆ ಬಟ್ಟಲು ಕವುಚುತ್ತಾಳೆ ಎಂದುಕೊಂಡ ದೇಜಪ್ಪ. ಅವಳು ಏಳಲಿಲ್ಲ. "ಆಮೇಲೆ?" ಎಂದಳು.

ಬಾಳೆದಿಂಡಿನ ತೆಪ್ಪ ಕಟ್ಟಿಕೊಂಡು ಮಾವ ಮತ್ತು ಮಾವನ ತಮ್ಮ ಹೋದರು. ಎಳೆದು ತರುವಷ್ಟರಲ್ಲಿ ಉಸಿರು ಇರಲಿಲ್ಲ. ರಸ್ತೆಯಲ್ಲಿ ಇನ್ನೂ ಪಾಕಿಸ್ತಾನದ ಸೈನ್ಯ ಓಡಾಡುತ್ತಿತ್ತು. ಹೆದರಿಕೆಯಿಂದ ಯಾರಿಗೂ ಹೇಳದೆ ಅಂಗಳಕ್ಕೆ ತಂದು ಮಲಗಿಸಿದರು. ಅತ್ತೆ ಬೂಟು ಬಿಚ್ಚಿ, ಮುಖದ ಕೆಸರು, ಕೈಯ ಕೆಸರು, ಕಾಲಿನ ಕೆಸರು ಎಲ್ಲ ತೊಳೆದಳು. ಆಗ ಮಾವ ಆ ಕಾಲನ್ನು ಹಿಡಿದು ನೋಡಿ ಚಿಕ್ಕ ಮಗುವಿನ ಹಾಗೆ ಅತ್ತನಂತೆ. "ಇದು ನಮ್ಮವನ ಕಾಲು. ಇವನು ಮರ ಹತ್ತುವವನು" ಎಂದನಂತೆ.

ಇದನ್ನು ಹಿಂದಿಯಲ್ಲಿ ಕೇಳಿದ ದೇಜಪ್ಪನಿಗೆ ತನ್ನ ಭಾಷೆಯೇ ಮರೆತುಹೋಯಿತು.

"ಏನಂತೆ? ಹೇಳು ಮಾರಾಯ!"

ಹೇಳಿದ. ಅಮ್ಮಣ್ಣಿ ಮುಂದಕ್ಕೆ ಬಾಗಿ, ಇಬ್ಬರು ಗಂಡಸರನ್ನೂ ಬದಿಗೆ ಸರಿಸಿ, ಮೊಬೈಲಿಗೆ ನೇರವಾಗಿ ಕೇಳಿದಳು. "ಎಲ್ಲಿ ಇತ್ತು ಜಡ್ಡು? ಒಳಗಿನ ಬದಿಯಾ, ಹೊರಗಿನ ಬದಿಯಾ?"

ಟಾಂಗೈಲಿನ ಮುದುಕಿಗೆ ಈ ಭಾಷೆಯ ಒಂದಕ್ಷರವೂ ಗೊತ್ತಿರಲಿಲ್ಲ. ಮಗ ಬಾಯಿ ತೆರೆಯುವ ಮೊದಲೇ ಅಮ್ಮಣ್ಣಿ ಸೀರೆಯ ಅಂಚು ಎತ್ತಿ ತನ್ನ ಪಾದವನ್ನು ಟೀಪಾಯಿಯ ಮೇಲಿಟ್ಟು ಪರದೆಗೆ ತೋರಿಸಿದಳು. ಆಚೆಯಿಂದ ಆಕೆಯೂ ಕಷ್ಟಪಟ್ಟು ತನ್ನ ಕಾಲನ್ನು ಮೇಲೆತ್ತಿದಳು. ಎರಡು ದೇಶಗಳ ಎರಡು ಮುದಿಪಾದಗಳು ಅಲ್ ಕುಸೈಸಿನ ಒಂದು ಸಕ್ಕರೆ ಡಬ್ಬಿಯ ಎದುರು ಮುಖಾಮುಖಿಯಾದವು. ಹಿತಾಗೆ ನಗು ಬಂತು. ಅಮ್ಮನ ಮುಖ ನೋಡಿ ನಗು ಅಲ್ಲೇ ಸತ್ತಿತು. ಪರದೆಯ ಆಚೆ ಒಂದು ಬೆರಳು ನಿಧಾನವಾಗಿ ಪಾದದ ಒಳಮಗ್ಗುಲಿಗೆ, ಹೆಬ್ಬೆರಳಿನ ಗಂಟಿನ ಹಿಂದಕ್ಕೆ ಹೋಗಿ ನಿಂತಿತು. ಎರಡೂ ಕಾಲಿನಲ್ಲಿ, ಎಂದು ತೋರಿಸಿತು.

ಅಮ್ಮಣ್ಣಿ ತನ್ನ ಕಾಲನ್ನು ಕೆಳಗಿಳಿಸಿದಳು.

"ಕಾಲು ತೊಳೆದರಂತೆ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ತೊಳೆದರಂತೆ ಅಮ್ಮ."

"ಅಂಗಳದಲ್ಲಿ?"

"ಅಂಗಳದಲ್ಲಿ."

"ಹಾಗಾದರೆ ಮನೆಗೆ ಬಂದರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ನಮ್ಮ ಮನೆಯಲ್ಲ. ಆದರೂ ಒಂದು ಮನೆಗೆ ಬಂದರು."

ಆಚೆಯಾಕೆ ಉಳಿದದ್ದನ್ನೂ ಹೇಳಿದಳು. ಜಾತಿ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ತಮಗೆ ತಿಳಿದ ರೀತಿಯಲ್ಲಿ ಒಂದು ಖರ್ಜೂರದ ಮರದ ಬುಡದಲ್ಲಿ ಮಣ್ಣು ಮಾಡಿದರು. ಯುದ್ಧದ ಕಾಲದಲ್ಲಿ ಹೊಸ ಬಿಳಿ ಬಟ್ಟೆ ಎಲ್ಲಿಂದ ತರುವುದು? ಅವನ ಛತ್ರಿಯನ್ನೇ ಹರಿದು ಅರ್ಧ ಹೊದಿಸಿದರು. ಪಲ್ಟನ್ನು ಅಷ್ಟರಲ್ಲಿ ಢಾಕಾದ ಕಡೆಗೆ ಹೋಗಿಯಾಗಿತ್ತು. ಯಾರಿಗೆ ಹೇಳುವುದೆಂದೂ ತಿಳಿಯಲಿಲ್ಲ. ಮುಂದಿನ ವರ್ಷ ಹುಟ್ಟಿದ ಮಗುವಿಗೆ ಉಳಿದರ್ಧ. ಮಾವ ಇರುವಷ್ಟು ಕಾಲ ಪ್ರತಿ ಚಳಿಗಾಲದ ಮೊದಲ ಮಡಕೆಯ ರಸವನ್ನು ಆ ಮರದ ಹತ್ತಿರ ಕೇರಿಯ ಮಕ್ಕಳಿಗೆ ಹಂಚುತ್ತಿದ್ದನಂತೆ. ಹೆಸರು ಗೊತ್ತಿರಲಿಲ್ಲವಲ್ಲ, ಮರದವನ ಪಾಲು ಎನ್ನುತ್ತಿದ್ದರಂತೆ.

"ಅಲ್ಲಿಯೂ ಅವರ ಪಾಲನ್ನು ತಿಂದದ್ದು ಮಕ್ಕಳೇ" ಎಂದಳು ಅಮ್ಮಣ್ಣಿ. ಆಗ ಅತ್ತಳು. ಜೋರಾಗಿ ಅಲ್ಲ. ಮನೆಯಲ್ಲಿ ಮಲಗಿದವರು ಎಚ್ಚರವಾಗಬಾರದು ಎಂಬಂತೆ, ಬಾಯಿಗೆ ಸೆರಗು ಒತ್ತಿಕೊಂಡು. ಆಚೆಯಾಕೆಯೂ ಅಳುತ್ತಿದ್ದಳು. ಅದಕ್ಕೆ ಹಿಂದಿ ಮಾಡುವ ಕೆಲಸ ಯಾರಿಗೂ ಬೀಳಲಿಲ್ಲ.

ಫೋನು ಇಟ್ಟ ಮೇಲೆ ಇಮ್ತಿಯಾಜ್ ಪ್ಲಾಸ್ಟಿಕ್ ಚೀಲದಿಂದ ಬಟ್ಟೆ ತೆಗೆದ. ಒಗೆದು ಒಗೆದು ಮೆತ್ತಗಾದ, ಅಂಚಿಗೆ ಕೈಹೊಲಿಗೆ ಹಾಕಿದ, ಮಾಸಿದ ಹಾಲಿನ ಬಣ್ಣದ ಬಟ್ಟೆ. ದೇಜಪ್ಪನ ಎರಡೂ ಕೈಗಳು ತಾವಾಗಿಯೇ ಮುಂದಕ್ಕೆ ಹೋದವು. ಬಟ್ಟೆಗೆ ಏನೂ ತೂಕವಿರಲಿಲ್ಲ. ಆದರೆ ಅವನ ಮೊಣಕೈಗಳು ಅಕ್ಕಿಮೂಟೆ ಹಿಡಿದಂತೆ ಕೆಳಗೆ ಬಾಗಿದವು. ಕಣ್ಣು ಗೋಡೆಯ ನಡುವಿನ ಖಾಲಿ ಕೊಕ್ಕೆಗೆ ಹೋಯಿತು.

"ಇಟ್ಟುಕೊಳ್ಳಿ ಭಾಯ್. ಇದು ನಿಮ್ಮ ಅಪ್ಪನದು" ಎಂದ ಇಮ್ತಿಯಾಜ್. "ಒಳ್ಳೆಯ ಮರದ ಕಟ್ಟು ನಾನೇ ಹಾಕಿಕೊಡುತ್ತೇನೆ."

ಅಮ್ಮಣ್ಣಿ ಕೈ ಚಾಚಿ ಬಟ್ಟೆಯನ್ನು ಮಗನ ಕೈಯಿಂದ ತೆಗೆದುಕೊಂಡಳು. ಮೂಗಿಗೆ ಹಿಡಿದಳು. ಸಾಬೂನು, ತಲೆಎಣ್ಣೆ, ದಿಂಬು. ಗಂಡನ ವಾಸನೆಯೇನೂ ಇರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಇಮ್ತಿಯಾಜನ ಮಡಿಲಲ್ಲಿಟ್ಟಳು.

"ಅಮ್ಮ..." ಎಂದ ದೇಜಪ್ಪ.

"ಅರ್ಧ ಅವರಿಗೆ ಹೊದಿಸಿದ್ದಾರೆ, ಅರ್ಧ ಈ ಮಗುವಿಗೆ ಹೊದಿಸಿದ್ದಾರೆ. ಗೋಡೆಗೆ ಹೊದಿಸಲಿಕ್ಕೆ ಏನೂ ಉಳಿಯಲಿಲ್ಲ, ಮಗ."

ಐವತ್ತು ದಾಟಿದ ಆ ಮಗು ಗಡ್ಡದೊಳಗೆ ಮುಖ ಹುಗಿಸಿಕೊಂಡು ಕೂತಿತ್ತು. ದೇಜಪ್ಪ ಅಂಗೈಗಳನ್ನು ಲುಂಗಿಗೆ ಒರೆಸಿಕೊಂಡ.

ಅಮ್ಮಣ್ಣಿ ಎದ್ದು ಒಳಗೆ ಹೋಗಿ, ತನ್ನ ಚೀಲದ ತಳದಿಂದ ಪೇಪರಿನಲ್ಲಿ ಸುತ್ತಿದ ಫೋಟೋ ತಂದಳು. ಮಂಗಳೂರಿನ ಸ್ಟುಡಿಯೋದಲ್ಲಿ ಟೋಪಿ ಓರೆ ಮಾಡಿ ನಿಂತ ತುಕ್ರ. ಮೊಮ್ಮಗಳಿಗಿಂತ ಹತ್ತೇ ವರ್ಷ ದೊಡ್ಡವನಿರಬಹುದು. ಇದು ಊರಿನ ಪೆಟ್ಟಿಗೆಯಲ್ಲಿದೆ ಎಂದೇ ದೇಜಪ್ಪ ತಿಳಿದಿದ್ದ. ಅವಳು ಹೋದಲ್ಲೆಲ್ಲ ಅದನ್ನು ಒಯ್ಯುತ್ತಿದ್ದಳು. ಇಳಿದು ಬಂದವರಿಗೆ ಹೆಂಡತಿ ಮನೆಯಲ್ಲಿ ಕಾಣದಿದ್ದರೆ, ತಮ್ಮ ಫೋಟೋ ಇರುವಲ್ಲಿಗಾದರೂ ಬರಲಿ ಎಂದು.

"ಇದಕ್ಕೆ ಕಟ್ಟು ಹಾಕು" ಎಂದು ಇಮ್ತಿಯಾಜನ ಕೈಗೆ ಕೊಟ್ಟಳು. "ಆ ಚಮಚದ ಕಟ್ಟು ಖಾಲಿ ಉಂಟಲ್ಲ, ಅದೇ ಸಾಕು."

ಶರ್ಮಿಳಾ ಅವಳ ಕುತ್ತಿಗೆಯ ಕರಿಮಣಿಯನ್ನು ನೋಡಿ, ಬೇಗ ಕಣ್ಣು ತಿರುಗಿಸಿದಳು. ಅಮ್ಮಣ್ಣಿಗೆ ಅದೂ ಕಂಡಿತು.

"ಇದನ್ನು ತೆಗೆಯುವುದಿಲ್ಲ. ಇದು ನನ್ನ ಕುತ್ತಿಗೆಯ ವಿಷಯ, ಅವರ ಕಾಲಿನ ವಿಷಯ ಅಲ್ಲ" ಎಂದಳು. ಆಮೇಲೆ ಮಗನಿಗೆ, "ಊರಿಗೆ ಟಿಕೆಟು ಮಾಡು. ಬೊಜ್ಜ ಉಂಟು. ನೀನೂ ಬರಬೇಕು, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಾದರೂ ಸರಿ."

ಆ ರಾತ್ರಿ ಗಂಜಿ ಎಲ್ಲರಿಗೂ ಬಡಿಸಿದಳು. ತನಗೆ ತುಕ್ರನ ಬಟ್ಟಲಲ್ಲೇ ಹಾಕಿಕೊಂಡು, ಹುಣಸೆಹಣ್ಣಿನಲ್ಲಿ ಉಜ್ಜಿದ ಆ ಚಮಚದಿಂದ ಉಂಡಳು.

ಬೆಳಿಗ್ಗೆ ಗೋದಾಮಿಗೆ ಹೊರಡುವ ಮೊದಲು ದೇಜಪ್ಪ ಎಂದಿನಂತೆ ಅಡುಗೆಮನೆಗೆ ಹೋದ. ಉಪ್ಪಿನಕಾಯಿಯ ಭರಣಿ ತೆಗೆದು ಇಟ್ಟುಕೊಂಡ. ಕಟ್ಟೆಯ ಮೇಲೆ ಏನೂ ಇರಲಿಲ್ಲ. ಫ್ರಿಜ್ಜಿನಲ್ಲಿ ನೋಡಿದ, ಸ್ಟವ್ವಿನ ಹಿಂದೆ ನೋಡಿದ. ಆಮೇಲೆ ಸಿಂಕಿನ ಪಕ್ಕದ ತಟ್ಟೆ ಸ್ಟ್ಯಾಂಡಿನಲ್ಲಿ ಕಂಡವು. ತೊಳೆದ ಲೋಟಗಳ, ತೊಳೆದ ತಟ್ಟೆಗಳ ನಡುವೆ, ನೀರು ಸೋರಲೆಂದು ಕವುಚಿಟ್ಟ ಎರಡು ಬಟ್ಟಲುಗಳು.

ಅವನು ಒಂದನ್ನು ಎತ್ತಿ ಅದರ ಅಡಿಗೆ ನೋಡಿದ. ಮತ್ತೆ ಹಾಗೆಯೇ ಇಟ್ಟ. ಹಸಿವಾಗುತ್ತಿತ್ತು.